ಜನರ ಗಲಾಟೆಯನ್ನು ಅಳಿಸದೆ ಕ್ಯಾಸೆಟ್ ಉಳಿಸಿಕೊಟ್ಟ ಅಂಗಡಿ

ಶಿವಮೊಗ್ಗದಲ್ಲಿ ಹಳೇ ಕ್ಯಾಸೆಟ್ ರಿಪೇರಿ ಮಾಡುವವರು ಇನ್ನೂ ಒಬ್ಬರು ಇದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲೇ ಹುಟ್ಟಿ ಬೆಳೆದ ನನಗೂ ಇದು ಗೊತ್ತಿರಲಿಲ್ಲ. ಗಾಂಧಿ ಬಜಾರಿನಿಂದ ಒಳಗೆ ತಿರುಗುವ ಒಂದು ಗಲ್ಲಿಯಲ್ಲಿ, ಪಾತ್ರೆ ಅಂಗಡಿ ಪಕ್ಕದ ಮೆಟ್ಟಿಲು ಹತ್ತಿದರೆ ಮೇಲೆ ಒಂದು ಕೋಣೆ. ಬೋರ್ಡಿನ ಬಣ್ಣ ಹೋಗಿದೆ, 'ರೇಡಿಯೋ' ಅನ್ನುವುದು ಮಾತ್ರ ಓದಲು ಬರುತ್ತದೆ. ಯಜಮಾನರಿಗೆ ಅರವತ್ತೈದು ದಾಟಿದೆ. ಒಬ್ಬರೇ ಕೆಲಸ ಮಾಡುತ್ತಾರೆ, ಹೆಸರು ಫೋನ್ ನಂಬರು ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಗಲ್ಲಿಯಲ್ಲಿ ಯಾರನ್ನಾದರೂ "ಟೇಪ್ ರೆಕಾರ್ಡರ್ ರಿಪೇರಿ ಎಲ್ಲಿ" ಅಂತ ಕೇಳಿ, ತೋರಿಸುತ್ತಾರೆ.

ಬೂಷ್ಟು ಹಿಡಿದ, ಹರಿದ, ಸಿಕ್ಕಿಕೊಂಡ ಕ್ಯಾಸೆಟ್ಟನ್ನು ಸರಿ ಮಾಡಿ, ಅದರಲ್ಲಿರುವುದನ್ನು ಪೆನ್‌ಡ್ರೈವಿಗೆ ಹಾಕಿಕೊಡುವುದು ಅವರ ಕೆಲಸ. ನಮ್ಮದು 1993ರ ಒಂದು ಕ್ಯಾಸೆಟ್. ಅದರ ಕತೆ ಸ್ವಲ್ಪ ಹೇಳದಿದ್ದರೆ ಅವರು ಮಾಡಿದ ಕೆಲಸ ಎಷ್ಟು ದೊಡ್ಡದು ಅಂತ ಗೊತ್ತಾಗುವುದಿಲ್ಲ.

ಆಗ ನಾವು ಐದು ಜನ. ನಾನು ಗಿಟಾರು. ಉಳಿದವರು ಹಾಡುವವನು, ಬೇಸ್ ಗಿಟಾರು, ಡ್ರಮ್ಮು, ಕ್ಯಾಸಿಯೋ ಕೀಬೋರ್ಡು. ಹೊರಗೆ ಆರ್ಕೆಸ್ಟ್ರಾ ಅಂತ ಹೆಸರು, ಮದುವೆ ಆರತಕ್ಷತೆ, ಗಣಪತಿ ಪೆಂಡಾಲು, ಶಾಲೆಯ ವಾರ್ಷಿಕೋತ್ಸವ ಎಲ್ಲ ಕಡೆ ಸಿನಿಮಾ ಹಾಡು ನುಡಿಸುತ್ತಿದ್ದೆವು. ಒಳಗೆ ಮಾತ್ರ ರಾಕ್ ಹುಚ್ಚು. ಬೆಂಗಳೂರಿನಿಂದ ಯಾರೋ ತಂದ ಕ್ಯಾಸೆಟ್ಟಿನ ಕಾಪಿ, ಆ ಕಾಪಿಯ ಕಾಪಿ, ಹೀಗೆ ನಮ್ಮ ಕೈಗೆ ಬಂದದ್ದು ಡೀಪ್ ಪರ್ಪಲ್ ಅನ್ನುವ ಇಂಗ್ಲೆಂಡಿನ ರಾಕ್ ಬ್ಯಾಂಡಿನ 'ಮೇಡ್ ಇನ್ ಜಪಾನ್'. 1972ರ ಆಗಸ್ಟಿನಲ್ಲಿ ಜಪಾನಿನ ಒಸಾಕಾ ಮತ್ತು ಟೋಕಿಯೋದಲ್ಲಿ ಮೂರು ರಾತ್ರಿ ನುಡಿಸಿದ್ದರ ರೆಕಾರ್ಡು. ಆಮೇಲೆ ಸ್ಟುಡಿಯೋದಲ್ಲಿ ಕೂತು ತೇಪೆ ಹಾಕಿಲ್ಲ ಅಂತಲೇ ಅದಕ್ಕೆ ಹೆಸರು. ನಮಗೆ ಸಿಕ್ಕ ಕಾಪಿಯಲ್ಲಿ ಅರ್ಧ ಸದ್ದು ಗುಸುಗುಸು, ಆದರೂ ಹಾಡಿನ ಮಧ್ಯೆ ಜನ ಕೂಗುವುದು ಕೇಳಿಸುತ್ತಿತ್ತು. ಎಷ್ಟೋ ಸಾವಿರ ಮೈಲಿ ಆಚೆ ಕೂಗಿದವರ ದನಿ ಕೇಳಿ ಶಿವಮೊಗ್ಗದ ದುರ್ಗಿಗುಡಿಯ ಒಂದು ಮಹಡಿ ಮೇಲೆ ನಮಗೆ ಮೈ ಜುಮ್ ಅನ್ನುತ್ತಿತ್ತು.

1993ರ ಗಣಪತಿ ಹಬ್ಬದಲ್ಲಿ ತೀರ್ಥಹಳ್ಳಿ ಕಡೆಯ ಒಂದು ಊರಿನ ಪೆಂಡಾಲಿಗೆ ನಮ್ಮನ್ನು ಕರೆದಿದ್ದರು. ಮಳೆ ಬಿಟ್ಟಿರಲಿಲ್ಲ. ಮೇಲೆ ಟಾರ್ಪಾಲು, ಕೆಳಗೆ ಕೆಸರಿನ ಮೇಲೆ ಭತ್ತದ ಹುಲ್ಲು ಹಾಸಿದ್ದರು, ಅದರ ಮೇಲೆ ಬಾಡಿಗೆಯ ಕಬ್ಬಿಣದ ಕುರ್ಚಿ. ಅಹುಜಾ ಆಂಪ್ಲಿಫೈಯರು, ಎರಡು ಬಾಕ್ಸು, ಮರಕ್ಕೆ ಕಟ್ಟಿದ ಎರಡು ಹಾರ್ನು. ಐನೂರು ಜನ ಇದ್ದಿರಬಹುದು. ಮೊದಲ ಒಂದು ಗಂಟೆ ಅಣ್ಣಾವ್ರ ಹಾಡು, ಚೀಟಿ ಮೇಲೆ ಚೀಟಿ ಬರುತ್ತಿತ್ತು, ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಹತ್ತು ಗಂಟೆ ಹೊತ್ತಿಗೆ ಹೆಂಗಸರು ಮಕ್ಕಳು ಎದ್ದು ಹೋದರು, ಹಿಂದೆ ನಿಂತಿದ್ದ ಹುಡುಗರು ಮುಂದೆ ಬಂದರು. ಆಗ ನಮ್ಮ ಬೇಸಿನವನು ನನ್ನ ಕಡೆ ತಿರುಗಿ ಸುಮ್ನೆ ತಲೆ ಆಡಿಸಿದ. ನಾನು ಶುರು ಮಾಡಿಬಿಟ್ಟೆ. ಯಾವುದು ಅಂತೀರಾ? 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಜಪ್ಪಾ ಕಾರ್ಯಕ್ರಮ ನಡೆಯುತ್ತಿದ್ದಾಗ ಕ್ಯಾಸಿನೋಗೆ ಬೆಂಕಿ ಬಿತ್ತು. ಅಲ್ಲಿ ರೆಕಾರ್ಡಿಂಗಿಗೆ ಅಂತ ಹೋಗಿದ್ದ ಡೀಪ್ ಪರ್ಪಲ್‌ನವರು ಅದನ್ನು ಕಣ್ಣಾರೆ ನೋಡಿ ಕಟ್ಟಿದ ಹಾಡು, 'ಸ್ಮೋಕ್ ಆನ್ ದ ವಾಟರ್'. ಗಿಟಾರು ಹಿಡಿದ ಹುಡುಗರೆಲ್ಲ ಮೊದಲು ಕಲಿಯುವುದು ಅದನ್ನೇ ಅಲ್ವಾ.

ಮೊದಲು ಒಂದು ಕ್ಷಣ ಯಾರಿಗೂ ಏನೂ ಅರ್ಥವಾಗಲಿಲ್ಲ. ಆಮೇಲೆ "ಏಯ್, ಕನ್ನಡ ಹಾಡು ಹಾಡ್ರೋ" ಅಂತ ಒಂದು ಕೂಗು. ಅದಕ್ಕೆ ಎದುರಾಗಿ "ನುಡಿಸ್ರೋ, ನುಡಿಸ್ರೋ" ಅಂತ ಇನ್ನೊಂದು. ಎರಡು ಗುಂಪಾಯಿತು. ಶಿಳ್ಳೆ, ಕೇಕೆ, ಕುರ್ಚಿ ತಲೆ ಮೇಲೆ ಎತ್ತಿಕೊಂಡು ಕುಣಿಯುವವರು, ಕುರ್ಚಿಯಿಂದ ಕುರ್ಚಿಗೆ ಬಡಿದು ತಾಳ ಹಾಕುವವರು. ಒಂದು ಕುರ್ಚಿ ವೇದಿಕೆ ಮೇಲೂ ಬಂತು. ಹಾಡುವವನು ಹಾರಿದ ರಭಸಕ್ಕೆ ವೇದಿಕೆಯ ಹಲಗೆ ಮುರಿದು ಅವನ ಒಂದು ಕಾಲು ಮೊಣಕಾಲಿನವರೆಗೆ ಒಳಗೆ ಹೋಯಿತು. ಅವನು ಹಾಗೇ ನಿಂತು ಹಾಡಿದ. ಪೊಲೀಸಿನವರೊಬ್ಬರು ನಿಲ್ಲಿಸಿ ಅಂತ ಹೇಳಲು ಮೇಲೆ ಬಂದರು. ಅಷ್ಟರಲ್ಲಿ ಕರೆಂಟು ಹೋಯಿತು.

ಕತ್ತಲೆ. ಗಿಟಾರು ಇಲ್ಲ, ಕ್ಯಾಸಿಯೋ ಇಲ್ಲ, ಮೈಕು ಇಲ್ಲ. ಆಗ ನಮ್ಮ ಡ್ರಮ್ಮರು ಕತ್ತಲಲ್ಲೇ ಬಾರಿಸಲು ಶುರು ಮಾಡಿದ. ಕರೆಂಟು ವಾಪಸ್ ಬರುವವರೆಗೆ, ಹನ್ನೊಂದು ನಿಮಿಷ, ಒಬ್ಬನೇ ಬಾರಿಸಿದ. ಐನೂರು ಜನರೂ ಕೈ ತಟ್ಟಿದರು. ಹನ್ನೊಂದು ನಿಮಿಷ ಅಂತ ಇಷ್ಟು ಖಚಿತವಾಗಿ ಹೇಳುತ್ತಿರುವುದು ಈಗ ಕ್ಯಾಸೆಟ್ ಕೇಳಿದ ಮೇಲೆ. ಇಷ್ಟು ವರ್ಷ ನಾವು ಅರ್ಧ ಗಂಟೆ ಅಂತ ಹೇಳಿಕೊಂಡು ಬಂದಿದ್ದೆವು.

ವೇದಿಕೆಯ ಎಡಗಡೆ, ಬೇಸಿನವನ ಕಾಲ ಬುಡದಲ್ಲಿ, ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಸೇರಿರುವ ಒಂದು ಟೂ ಇನ್ ಒನ್ ಇಟ್ಟು ರೆಕಾರ್ಡ್ ಒತ್ತಿದ್ದೆವು. ಅಲ್ಲಿ ಪ್ಲಗ್ ಪಾಯಿಂಟು ಸಾಲದೆ ಅದಕ್ಕೆ ಸೆಲ್ ಹಾಕಿದ್ದೆವು. ಅದರಿಂದಲೇ ಕರೆಂಟು ಹೋದರೂ ಅದು ಓಡುತ್ತಲೇ ಇತ್ತು.

ಆ ಕ್ಯಾಸೆಟ್ ಎಲ್ಲೋ ಕಳೆದುಹೋಗಿತ್ತು. ಹಾಡುವವನ ಹತ್ತಿರ ಒಂದು ಕಡೆಯ ಕಾಪಿ ಇತ್ತು. ಮೂರು ವರ್ಷದ ಹಿಂದೆ ಅದನ್ನು ದೊಡ್ಡ ಊರಿನ ಒಂದು ಕಡೆ ಕೊಟ್ಟು ಪೆನ್‌ಡ್ರೈವಿಗೆ ಹಾಕಿಸಿದೆವು, ಎರಡು ಸಾವಿರ ತೆಗೆದುಕೊಂಡರು. "ನಾಯ್ಸ್ ಪೂರ್ತಿ ತೆಗೆದಿದ್ದೇವೆ ಸಾರ್" ಅಂತ ಖುಷಿಯಿಂದ ಕೊಟ್ಟರು. ಕೇಳಿದರೆ ನೀರಿನೊಳಗೆ ಕೂತು ಹಾಡಿದ ಹಾಗಿದೆ. ಜನರ ಕೂಗು ಬಂದ ಕಡೆಯೆಲ್ಲ ಸದ್ದು ಕಿತ್ತು ಹಾಕಿದ್ದಾರೆ, ಅದರ ಜೊತೆಗೆ ಡ್ರಮ್ಮಿನ ಪಕ್ಕದ ಕಂಚಿನ ತಟ್ಟೆ, ಸಿಂಬಲ್ಲಿನ ಸದ್ದೂ ಹೋಗಿದೆ, ಹಾಡುವವನ ಉಸಿರೂ ಹೋಗಿದೆ. ಅದನ್ನು ನಾವು ಎರಡನೇ ಸಲ ಕೇಳಲೇ ಇಲ್ಲ.

ಕಳೆದ ವರ್ಷ, 2025ರ ಜುಲೈ 5ರಂದು, ಬರ್ಮಿಂಗ್‌ಹ್ಯಾಮಿನಲ್ಲಿ ಬ್ಲ್ಯಾಕ್ ಸಬ್ಬತ್ ರಾಕ್ ಬ್ಯಾಂಡಿನ ಹಾಡುಗಾರ ಓಜಿ ಆಸ್ಬೋರ್ನ್ ಕೊನೆಯ ಸಲ ವೇದಿಕೆ ಹತ್ತಿದರು. ಬ್ಲ್ಯಾಕ್ ಸಬ್ಬತ್‌ನ ಮೂಲ ನಾಲ್ವರು ಇಪ್ಪತ್ತು ವರ್ಷದ ಮೇಲೆ ಒಟ್ಟಿಗೆ ಸೇರಿದ್ದರು. ಓಜಿಗೆ ಪಾರ್ಕಿನ್‌ಸನ್ ಕಾಯಿಲೆ, ನಿಲ್ಲಲು ಆಗುತ್ತಿರಲಿಲ್ಲ. ಕಪ್ಪು ಸಿಂಹಾಸನದ ಮೇಲೆ ಕೂತೇ ಹಾಡಿದರು. ನಮ್ಮ ಡ್ರಮ್ಮರು ಈಗ ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ ನೋಡಿಕೊಂಡಿದ್ದಾನೆ. ಅವನ ಮನೆಯ ಜಗುಲಿಯಲ್ಲಿ ಕೂತು, ಹೊರಗೆ ಮಳೆ ಸುರಿಯುತ್ತಿರುವಾಗ, ಅದರ ವೀಡಿಯೋ ತುಣುಕುಗಳನ್ನು ಫೋನಿನಲ್ಲಿ ನೋಡಿದೆವು. ಕೂತಲ್ಲಿಂದಲೇ ಎದ್ದುಬಿಡುವವರ ಹಾಗೆ ಓಜಿ ಮೈ ಮುಂದೆ ತಳ್ಳುತ್ತಿದ್ದರು. ನಾವಿಬ್ಬರೂ ಮಾತಾಡಲಿಲ್ಲ. ಹದಿನೇಳು ದಿನಕ್ಕೆ, ಜುಲೈ 22ರಂದು, ಅವರು ತೀರಿಕೊಂಡರು. 76 ವರ್ಷ. ಆ ಸುದ್ದಿ ಬಂದ ರಾತ್ರಿ ಡ್ರಮ್ಮರು ಅಟ್ಟ ಹತ್ತಿ ಹಳೇ ಟ್ರಂಕುಗಳನ್ನೆಲ್ಲ ಕೆಳಗಿಳಿಸಿದನಂತೆ. ಮೂರನೇ ಟ್ರಂಕಿನಲ್ಲಿ, ಅವನಪ್ಪನ ಪಹಣಿ ಕಾಗದಗಳ ಕೆಳಗೆ, ಮೂಲ ಕ್ಯಾಸೆಟ್ಟೇ ಸಿಕ್ಕಿತು. ಟಿಡಿಕೆ ಕಂಪನಿಯದು, ಅರವತ್ತು ನಿಮಿಷದ್ದು. ಮೇಲೆ ಬೇಸಿನವನ ಕೈಬರಹದಲ್ಲಿ ಊರಿನ ಹೆಸರು ಮತ್ತು ತಾರೀಕು.

ಬೇಸಿನವನು 2021ರಲ್ಲಿ ಕೋವಿಡ್‌ನಿಂದ ಹೋದ. ಹಾಗಾಗಿ ಆ ಕ್ಯಾಸೆಟ್ಟನ್ನು ಯಾರ ಕೈಗೂ ಕೊಡಲು ನಮಗೆ ಧೈರ್ಯ ಬರಲಿಲ್ಲ. ಮಲೆನಾಡಿನ ಅಟ್ಟದಲ್ಲಿ ಮೂವತ್ತೆರಡು ಮಳೆಗಾಲ ಕಂಡ ಟೇಪು. ಕಿಟಕಿಯಂತಹ ಗಾಜಿನಿಂದ ನೋಡಿದರೆ ಸುರುಳಿಯ ಮೇಲೆ ಬಿಳಿ ಬೂಷ್ಟು, ರಂಗೋಲಿ ಪುಡಿ ಚೆಲ್ಲಿದ ಹಾಗೆ. ಈ ಅಂಗಡಿಯ ವಿಷಯ ಹೇಳಿದ್ದು ಸಾಗರದ ಒಬ್ಬ ಯಕ್ಷಗಾನದ ಹುಚ್ಚಿನವರು. ಅವರ ಹತ್ತಿರ 1990ರಲ್ಲಿ ತೀರಿಕೊಂಡ ಕಾಳಿಂಗ ನಾವಡರ ಭಾಗವತಿಕೆಯ ಕ್ಯಾಸೆಟ್ಟುಗಳಿವೆ, ಅವನ್ನೆಲ್ಲ ಇಲ್ಲೇ ಮಾಡಿಸಿದ್ದಾರೆ. "ಅವರ ಹತ್ರ ಕೊಡಿ, ಹೆದರಬೇಡಿ" ಅಂದರು.

ಮೊದಲ ದಿನ ಹೋದಾಗ ಭದ್ರಾವತಿ ಆಕಾಶವಾಣಿ ಸಣ್ಣಗೆ ಹಾಡುತ್ತಿತ್ತು. ಗೋಡೆ ತುಂಬ ಕ್ಯಾಸೆಟ್ ಡೆಕ್ಕುಗಳು, ಕೆಳಗೆ ಗಾಜಿನ ಡಬ್ಬಗಳಲ್ಲಿ ರಬ್ಬರ್ ಬೆಲ್ಟು, ರೋಲರು, ಟೇಪಿನ ಸದ್ದು ಓದುವ ಹೆಡ್ಡು. ಯಜಮಾನರು ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಇದನ್ನು ಯಾವುದಾದರೂ ಪ್ಲೇಯರಿಗೆ ಹಾಕಿ ನೋಡಿದ್ದೀರಾ?" ಇಲ್ಲ ಅಂದೆವು. "ಬದುಕಿದಿರಿ" ಅಂದರು. ಬೂಷ್ಟು ಹಿಡಿದ ಟೇಪು ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಪ್ಲೇಯರಿಗೆ ಹಾಕಿ ಎಳೆದರೆ ಹರಿಯುತ್ತದೆ, ಇಲ್ಲವೇ ಮೇಲಿನ ಕಂದು ಲೇಪ ಎದ್ದು ಬರುತ್ತದೆ. ಲೇಪ ಹೋದರೆ ಸದ್ದು ಹೋದ ಹಾಗೆ, ಮತ್ತೆ ಬರುವುದಿಲ್ಲ. ಬಿಸಿಲಿಗೆ ಒಣಗಿಸುವುದೂ ತಪ್ಪಂತೆ, ಟೇಪು ಸೊಟ್ಟಗಾಗುತ್ತದೆ. ಎಷ್ಟೋ ಜನ ಹಪ್ಪಳದ ಜೊತೆ ಕ್ಯಾಸೆಟ್ಟನ್ನೂ ಬಿಸಿಲಿಗಿಟ್ಟು ಹಾಳು ಮಾಡಿಕೊಂಡು ಬರುತ್ತಾರೆ ಅಂತ ಬೇಸರದಿಂದ ಹೇಳಿದರು.

ಅವರು ಮಾಡಿದ್ದು ಹೀಗೆ. ನಾಲ್ಕು ದಿನ ಕ್ಯಾಸೆಟ್ಟನ್ನು ಸಿಲಿಕಾ ಜೆಲ್ ಪೊಟ್ಟಣ ತುಂಬಿದ ಡಬ್ಬದಲ್ಲಿಟ್ಟು ತೇವ ತೆಗೆದರು. ಆಮೇಲೆ ಶೆಲ್, ಅಂದರೆ ಹೊರಗಿನ ಪ್ಲಾಸ್ಟಿಕ್ ಕವಚ ಬಿಚ್ಚಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಹೊರಗಿನ ಬಾಲ್ಕನಿಯಲ್ಲಿ ಕೂತು ಟೇಪನ್ನು ಕೈಯಿಂದಲೇ ನಿಧಾನವಾಗಿ ಒಂದು ಸುರುಳಿಯಿಂದ ಇನ್ನೊಂದಕ್ಕೆ ಸುತ್ತುತ್ತಾ, ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿದರು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಹತ್ತಿರ ಹತ್ತಿರ ತೊಂಬತ್ತು ಮೀಟರ್ ಟೇಪು ಇರುತ್ತದೆ. ಅಗಲ ನಾಲ್ಕು ಮಿಲಿಮೀಟರ್ ಕೂಡ ಇಲ್ಲ. ಅಷ್ಟನ್ನೂ ಬೆರಳಿನ ಮಧ್ಯೆ ಹಾಯಿಸಿದ್ದಾರೆ, ಎರಡು ಸಲ. ಕೋಣೆಯೊಳಗೆ ಯಾಕೆ ಮಾಡುವುದಿಲ್ಲ ಅಂದರೆ, ಆ ಪುಡಿ ಬೇರೆಯವರ ಕ್ಯಾಸೆಟ್ಟಿಗೆ ಹರಡಬಾರದು ಅಂತ. ಎರಡು ಕಡೆ ಟೇಪು ಹರಿದಿತ್ತು, ಅದಕ್ಕೆಂದೇ ಇರುವ ತೆಳು ಪಟ್ಟಿಯಿಂದ ಸೇರಿಸಿದರು. ಸೆಲ್ಲೋಟೇಪ್ ಹಾಕಿದರೆ ಅಂಟು ಹೊರಗೆ ಬಂದು ಪಕ್ಕದ ಸುತ್ತಿಗೂ ಹಿಡಿಯುತ್ತದಂತೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಸಣ್ಣ ಬಟ್ಟೆಯ ತುಂಡು ಕಳಚಿ ಬಿದ್ದಿತ್ತು. ಹಾಗಾಗಿ ಒಂದು ಹಳೇ ಭಜನೆ ಕ್ಯಾಸೆಟ್ಟಿನ ಸ್ಕ್ರೂ ಇರುವ ಶೆಲ್ಲಿಗೆ ನಮ್ಮ ಟೇಪನ್ನು ದಾಟಿಸಿದರು. ಮೂಲ ಶೆಲ್ಲನ್ನು ಎಸೆಯದೆ, ಬೇಸಿನವನ ಅಕ್ಷರ ಇದ್ದ ಲೇಬಲ್ಲಿನ ಸಮೇತ, ಕವರಿನಲ್ಲಿ ಹಾಕಿ ವಾಪಸ್ ಕೊಟ್ಟರು. ಅದನ್ನು ಕೊಡಿ ಅಂತ ನಾವು ಕೇಳಿಯೂ ಇರಲಿಲ್ಲ.

ಹನ್ನೆರಡನೇ ದಿನ ಫೋನ್ ಬಂತು. "ಎಲ್ಲರೂ ಬನ್ನಿ, ನೀವಿಲ್ಲದೆ ಇದನ್ನು ಮುಗಿಸಲು ಆಗೋದಿಲ್ಲ" ಅಂದರು. ನಾನು, ಡ್ರಮ್ಮರು, ಹಾಡುವವನು ಹೋದೆವು. ಹಾಡುವವನು ಈಗ ಹೈಸ್ಕೂಲ್ ಮೇಷ್ಟ್ರು, ಮೂವತ್ತು ವರ್ಷ ಪಾಠ ಮಾಡಿ ಗಂಟಲು ಒಡೆದಿದೆ. ಕ್ಯಾಸಿಯೋದವನು ಹುಬ್ಬಳ್ಳಿಯಲ್ಲಿದ್ದಾನೆ, ವೀಡಿಯೋ ಕಾಲಿನಲ್ಲಿ ಬಂದ.

ಮೊದಲು ಕೇಳಿಸಿದ್ದು ಕಂಬಳಿ ಹೊದ್ದು ಹಾಡಿದ ಹಾಗಿತ್ತು. ಆಗ ಅವರು ಡೆಕ್ಕಿನ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂಗೆ ಸ್ಕ್ರೂಡ್ರೈವರ್ ಹಾಕಿ ತಿರುಗಿಸತೊಡಗಿದರು. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಎಷ್ಟು ವಾರೆಯಾಗಿತ್ತೋ, ಕೇಳಿಸುವ ಯಂತ್ರದ್ದೂ ಅಷ್ಟೇ ವಾರೆಯಾಗಿರಬೇಕು, ಇಲ್ಲದಿದ್ದರೆ ತೀಕ್ಷ್ಣವಾದ ಸದ್ದೆಲ್ಲ ಅಳಿಸಿಹೋಗುತ್ತದೆ. ನಮ್ಮ ಟೂ ಇನ್ ಒನ್‌ನ ಹೆಡ್ಡು ಜಾಸ್ತಿಯೇ ವಾರೆಯಾಗಿತ್ತಂತೆ. ಇಲ್ಲಿ ನನಗೆ ಮನಸ್ಸಿಗೆ ತಟ್ಟಿದ ಒಂದು ವಿಷಯ ಇದೆ. ಹತ್ತು ಸಾವಿರ ಹರ್ಟ್ಸ್ ಮೇಲಿನ, ಅಂದರೆ ತೀರಾ ತೀಕ್ಷ್ಣವಾದ ಸದ್ದು ಈ ವಯಸ್ಸಿನಲ್ಲಿ ತಮಗೆ ಸರಿಯಾಗಿ ಕೇಳಿಸುವುದಿಲ್ಲ ಅಂತ ಅವರೇ ಹೇಳಿದರು. ಕಂಪ್ಯೂಟರಿನ ಪರದೆ ನೋಡಿಕೊಂಡು ಹತ್ತಿರಕ್ಕೆ ತರುತ್ತಾರೆ. ಕೊನೆಯ ಒಂದು ಕೂದಲೆಳೆಯಷ್ಟು ಬಂದಾಗ ಕೆಳಗಿನ ಪಾತ್ರೆ ಅಂಗಡಿಯ ಹುಡುಗನನ್ನು ಕೂಗುತ್ತಾರೆ. ಅವನಿಗೆ ಹದಿನೆಂಟು ವರ್ಷ. ಹೆಡ್‌ಫೋನ್ ಹಾಕಿಕೊಂಡು "ಇನ್ನೊಂಚೂರು ಮಾಮ, ಹಾಂ, ಅಲ್ಲೇ" ಅಂತಾನೆ. ನಮ್ಮ ಮೂವರ ಕಿವಿಯೂ ಆ ಕೆಲಸಕ್ಕೆ ಆಗುತ್ತಿರಲಿಲ್ಲ. ನನ್ನ ಎಡಗಿವಿಯಲ್ಲಿ ಗುಂಯ್ ಅನ್ನುವ ಸದ್ದು ವರ್ಷಗಳಿಂದ ಇದೆ. ಎಸಿ/ಡಿಸಿ ರಾಕ್ ಬ್ಯಾಂಡಿನ ಹಾಡುಗಾರ ಬ್ರಯಾನ್ ಜಾನ್ಸನ್ 2016ರಲ್ಲಿ ಕಿವಿ ಪೂರ್ತಿ ಹೋಗುವ ಅಪಾಯ ಇದೆ ಅಂತ ಪ್ರವಾಸದ ಮಧ್ಯೆಯೇ ನಿಲ್ಲಿಸಬೇಕಾಯಿತು. ಅಷ್ಟು ದೊಡ್ಡವರಿಗೂ ಇದೇ ಪಾಡು. ಮೈಗೆ ಆಗದ್ದನ್ನು ಇನ್ನೊಬ್ಬರ ನೆರವು ತೆಗೆದುಕೊಂಡು ಸರಿಯಾಗಿ ಮಾಡಬೇಕು ಅನ್ನುವ ಈ ಯಜಮಾನರ ಶ್ರದ್ಧೆ ಇದೆಯಲ್ಲ, ನಾನು ಅವರಿಗೆ ಮನಸೋತದ್ದು ಅಲ್ಲೇ.

ಸ್ಕ್ರೂ ಸರಿಯಾದ ಜಾಗಕ್ಕೆ ಬಂದಾಗ ಸಿಂಬಲ್ ಕೇಳಿಸಿತು. ಮೂವತ್ತೆರಡು ವರ್ಷದ ಹಿಂದಿನ ಸಿಂಬಲ್, ಭದ್ರಾವತಿಯಿಂದ ಬಾಡಿಗೆಗೆ ತಂದದ್ದು, ಅಂಚು ಸೀಳಿತ್ತು, ಆ ಸೀಳಿನ ಕರಕರ ಸದ್ದೂ ಕೇಳಿಸಿತು. ಡ್ರಮ್ಮರು ಎದ್ದು ನಿಂತುಬಿಟ್ಟ.

ಇನ್ನೊಂದು ತೊಂದರೆ ವೇಗದ್ದು. ಸೆಲ್ಲು ಇಳಿಯುತ್ತಾ ಹೋದ ಹಾಗೆ ರೆಕಾರ್ಡ್ ಮಾಡುವಾಗ ಟೇಪು ನಿಧಾನವಾಗಿದೆ. ಅದನ್ನು ಈಗ ಸರಿಯಾದ ವೇಗದಲ್ಲಿ ಹಾಕಿದರೆ ಹಾಡು ಬರಬರುತ್ತಾ ಓಡುತ್ತದೆ, ಶ್ರುತಿ ಏರುತ್ತದೆ. ಇಂಥದ್ದಕ್ಕೆ ಕರೆಂಟಿನ ಐವತ್ತು ಹರ್ಟ್ಸಿನ ಗುಂಯ್ ಸದ್ದನ್ನು ಅಳತೆಗೆ ಇಟ್ಟುಕೊಳ್ಳುತ್ತಾರಂತೆ, ಆದರೆ ಆ ಕಾಲದಲ್ಲಿ ನಮ್ಮ ಕಡೆ ಕರೆಂಟು ಸರಿಯಾಗಿ ಐವತ್ತರಲ್ಲಿ ಓಡುತ್ತಲೇ ಇರಲಿಲ್ಲ, ಅದನ್ನು ನಂಬಲು ಆಗುವುದಿಲ್ಲ ಅಂದರು. ಅದಕ್ಕೇ ನಮ್ಮನ್ನು ಕರೆದದ್ದು. "ನೀವು ಗಿಟಾರು ಯಾವುದಕ್ಕೆ ಶ್ರುತಿ ಮಾಡಿಕೊಂಡಿದ್ದಿರಿ?" ಕ್ಯಾಸಿಯೋಗೆ ಅಂದೆವು. ಕ್ಯಾಸಿಯೋದ ಶ್ರುತಿ ಕದಲುವುದಿಲ್ಲ. ಅವರ ಮುಖ ಅರಳಿತು. ಕರೆಂಟು ಹೋಗುವ ಮೊದಲಿನ ಕ್ಯಾಸಿಯೋ ಸ್ವರ ಒಂದು, ಕರೆಂಟು ಬಂದ ಮೇಲಿನದು ಒಂದು, ಎರಡನ್ನೂ ಅಳೆದು, ಮಧ್ಯದ ಹನ್ನೊಂದು ನಿಮಿಷಕ್ಕೆ ವೇಗ ಎಷ್ಟೆಷ್ಟು ಇಳಿದಿರಬೇಕು ಅಂತ ಲೆಕ್ಕ ಹಾಕಿ ಸರಿ ಮಾಡಿದರು. ಹುಬ್ಬಳ್ಳಿಯವನು ಯಾವ ಹಾಡಿಗೆ ಯಾವ ಸ್ವರ ಅಂತ ಫೋನಿನಲ್ಲೇ ನೆನಪಿನಿಂದ ಹೇಳಿದ.

ಆಮೇಲೆ ಅವರು ಕೇಳಿದ ಪ್ರಶ್ನೆಗಾಗಿಯೇ ನಾನು ಇಷ್ಟೆಲ್ಲ ಬರೆಯುತ್ತಿರುವುದು. "ಜನರ ಗಲಾಟೆ ತೆಗೆಯಬೇಕಾ?" ನಾವು ಉತ್ತರ ಹೇಳುವ ಮೊದಲೇ, "ನನ್ನನ್ನು ಕೇಳಿದರೆ ತೆಗೆಯಬೇಡಿ" ಅಂದರು. ಕಾರಣವನ್ನೂ ಹೇಳಿದರು. ಟೂ ಇನ್ ಒನ್‌ಗಳಲ್ಲಿ ಸದ್ದಿನ ಮಟ್ಟವನ್ನು ಯಂತ್ರವೇ ಸರಿಮಾಡಿಕೊಳ್ಳುತ್ತದೆ. ಜೋರಾದ ಸದ್ದು ಬಂದರೆ ತಾನೇ ಕಡಿಮೆ ಮಾಡುತ್ತದೆ, ಸುಮ್ಮನಾದರೆ ನಿಧಾನಕ್ಕೆ ಏರಿಸುತ್ತದೆ. ಜನ ಕೇಕೆ ಹಾಕಿದಾಗಲೆಲ್ಲ ನಮ್ಮ ಗಿಟಾರು ಮುಳುಗುತ್ತದೆ, ಅವರು ಉಸಿರು ತೆಗೆದುಕೊಂಡಾಗ ಮೇಲೆ ಬರುತ್ತದೆ. ಜನ ಕೂಗಿದ್ದು ನಮ್ಮ ಹಾಡಿನ ಮೇಲೆ ಬಿದ್ದ ಧೂಳಲ್ಲ, ಹಾಡಿನ ಏರಿಳಿತವನ್ನು ಅವರೇ ಮಾಡಿದ್ದಾರೆ. ಅದನ್ನು ಕಿತ್ತರೆ ನೀವೂ ಕಿತ್ತು ಬರುತ್ತೀರಿ ಅಂದರು. ಮೂರು ವರ್ಷದ ಹಿಂದೆ ಎರಡು ಸಾವಿರ ಕೊಟ್ಟು ಮಾಡಿಸಿದ್ದು ಯಾಕೆ ಸತ್ತಂತಿತ್ತು ಅಂತ ಆಗ ಗೊತ್ತಾಯಿತು.

ಗಲಾಟೆ ಇರಲಿ ಅಂದೆವು. ಅವರು ತೆಗೆದದ್ದು ಟೇಪಿನ ಸುಂಯ್ ಸದ್ದನ್ನು ಮಾತ್ರ, ಅದೂ ಸ್ವಲ್ಪವೇ. ಪೂರ್ತಿ ಹಾಕಿದರು.

ಮುಂದಿನ ಸಾಲಿನ ಒಬ್ಬೊಬ್ಬರ ದನಿಯೂ ಬೇರೆ ಬೇರೆಯಾಗಿ ಕೇಳಿಸುತ್ತದೆ. ಯಾರೋ ಒಬ್ಬ "ಲೋ, ಚಪ್ಪಲಿ ಹೋಯ್ತು ಕಣೋ" ಅಂತಾನೆ. ಹಲಗೆ ಮುರಿದ ಸದ್ದು ಲಟಕ್ ಅಂತ ಬರುತ್ತದೆ, ಹಾಡುವವನ ದನಿ ಅರ್ಧ ಕ್ಷಣ ನಡುಗಿ ಮತ್ತೆ ನಿಲ್ಲುತ್ತದೆ. ಮೇಷ್ಟ್ರು ಆ ಜಾಗ ಬಂದಾಗ ಕೈಯಿಂದ ಮೊಣಕಾಲು ಮುಟ್ಟಿಕೊಂಡ. ಆಮೇಲೆ ಕರೆಂಟು ಹೋಗುತ್ತದೆ. ಐನೂರು ಜನ ಒಟ್ಟಿಗೆ "ಓ" ಅನ್ನುತ್ತಾರೆ, ಆ ಸದ್ದಿಗೆ ಯಂತ್ರ ಎಲ್ಲವನ್ನೂ ಇಳಿಸುತ್ತದೆ. ನಿಧಾನಕ್ಕೆ ಜನ ಸುಮ್ಮನಾಗುತ್ತಾರೆ, ಯಂತ್ರ ಏರಿಸುತ್ತಾ ಹೋಗುತ್ತದೆ. ಟಾರ್ಪಾಲಿನ ಮೇಲೆ ಮಳೆ ಬೀಳುವುದು ಕೇಳಿಸುತ್ತದೆ. ಹತ್ತಿರದಲ್ಲೇ ಯಾರೋ ಉಸಿರಾಡುವುದು ಕೇಳಿಸುತ್ತದೆ. ಆಗ, ಟೂ ಇನ್ ಒನ್‌ಗೆ ಅಷ್ಟು ಹತ್ತಿರ ನಿಂತಿದ್ದ ಒಬ್ಬನೇ ಒಬ್ಬನ ದನಿ: "ನಿಲ್ಲಿಸ್ಬೇಡ ಕಣೋ. ನೀನು ಬಾರಿಸು. ನಾನಿಲ್ಲೇ ಇದೀನಿ."

ಆಮೇಲೆ ಡ್ರಮ್ಮು ಶುರುವಾಗುತ್ತದೆ.

ಡ್ರಮ್ಮರು ಇಷ್ಟು ವರ್ಷವೂ ಹೇಳುತ್ತಿದ್ದ, ಕತ್ತಲಲ್ಲಿ ಯಾರೋ ಬಾರಿಸು ಅಂದರು, ಅದಕ್ಕೆ ಬಾರಿಸಿದೆ ಅಂತ. ಯಾರು ಅಂತ ಅವನಿಗೂ ಗೊತ್ತಿರಲಿಲ್ಲ. ಬೇಸಿನವನೂ ಬದುಕಿರುವವರೆಗೆ ನಾನೇ ಹೇಳಿದ್ದು ಅಂತ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಯಜಮಾನರು ಏನೂ ಕೇಳಲಿಲ್ಲ. ನಮ್ಮ ಮುಖ ನೋಡಿ, ಹತ್ತು ಸೆಕೆಂಡು ಹಿಂದಕ್ಕೆ ಹೋಗಿ ಮತ್ತೆ ಹಾಕಿದರು. ಆಮೇಲೆ ವಾಲ್ಯೂಮ್ ಇನ್ನೂ ಏರಿಸಿ ಇನ್ನೊಂದು ಸಲ. ಆಗ ಇನ್ನೂ ಒಂದು ವಿಷಯ ಕೇಳಿಸಿತು. ಡ್ರಮ್ಮಿನ ಮೊದಲ ಏಟು ಬೀಳುವುದಕ್ಕೆ ಎರಡು ಸೆಕೆಂಡು ಮೊದಲೇ, ಬೇಸಿನವನ ಮಾತಿನ ಕೆಳಗೆ, ಅದೇ ಏಟು ತೀರಾ ಸಣ್ಣಗೆ ಒಮ್ಮೆ ಬಂದು ಹೋಗುತ್ತದೆ. ವರ್ಷಗಟ್ಟಲೆ ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ಸದ್ದು ಮೇಲಿನ, ಕೆಳಗಿನ ಸುತ್ತಿಗೆ ಅಚ್ಚಾಗುತ್ತದೆ ಅಂತ ಅವರು ವಿವರಿಸಿದರು. ಇದನ್ನೂ ತೆಗೆಯಬಹುದು, ತೆಗೆಯಲಾ ಅಂದರು. ಬೇಡ ಅಂತ ಡ್ರಮ್ಮರು ಹೇಳಿದ.

ಅವತ್ತು ಅಲ್ಲೇ ಕೆಳಗೆ ಟೀ ಕುಡಿಯುತ್ತಾ ತುಂಬಾ ಹೊತ್ತು ನಿಂತಿದ್ದೆವು. 2007ರ ಮಾರ್ಚ್ 17ರಂದು ಇಂಗ್ಲೆಂಡಿನ ಐರನ್ ಮೇಡನ್ ಬ್ಯಾಂಡು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾವು ನಾಲ್ಕು ಜನ ರಾತ್ರಿ ಬಸ್ಸಿಗೆ ಹೋಗಿದ್ದೆವು, ಬೇಸಿನವನೂ ಇದ್ದ. ಆ ಜನಜಂಗುಳಿಯಲ್ಲಿ ನನ್ನ ಕನ್ನಡಕ ಹೋಯಿತು, ಡ್ರಮ್ಮರನ ಅಂಗಿ ತೋಳು ಹರಿದು ಹೋಯಿತು, ಅವನು ಕಣ್ಣು ಮಿಟುಕಿಸದೆ ಆ ಬ್ಯಾಂಡಿನ ನಿಕೋ ಮೆಕ್‌ಬ್ರೇನ್ ಡ್ರಮ್ಮು ಬಾರಿಸುವುದನ್ನೇ ನೋಡುತ್ತಿದ್ದ. ಆಗ ಮೆಕ್‌ಬ್ರೇನ್‌ಗೆ 54. ಈಗ ನಮ್ಮವನಿಗೆ 54. ಮೆಕ್‌ಬ್ರೇನ್‌ಗೆ 2023ರ ಜನವರಿಯಲ್ಲಿ ಲಕ್ವ ಹೊಡೆದು ಬಲಭಾಗ ಸ್ವಾಧೀನ ತಪ್ಪಿತ್ತು. ಕೆಲವೇ ತಿಂಗಳಲ್ಲಿ ಮತ್ತೆ ಪ್ರವಾಸಕ್ಕೆ ಹೊರಟರು. ಮೊದಲಿನ ಹಾಗೆ ಕೈ ಓಡದ ಕಡೆ ಬೇರೆ ರೀತಿ ಬಾರಿಸಿಕೊಂಡು 2024ರ ಡಿಸೆಂಬರಿನವರೆಗೆ ನುಡಿಸಿ, 72ನೇ ವಯಸ್ಸಿನಲ್ಲಿ ಪ್ರವಾಸ ನಿಲ್ಲಿಸಿದರು. ನಮ್ಮವನಿಗೆ ಭುಜ ಹಿಡಿದುಕೊಂಡಿದೆ, ಬಲಗೈ ಕಿವಿಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಅಡಿಕೆ ಕೊಯ್ಯುವ ದೋಟಿ ಹಿಡಿಯುವುದು ಬಿಟ್ಟು ಎರಡು ವರ್ಷ ಆಯಿತು. ಟೀ ಅಂಗಡಿಯ ಕಟ್ಟೆ ಮೇಲೆ ಎಡಗೈಯಲ್ಲಿ ಆ ಹನ್ನೊಂದು ನಿಮಿಷದ ತಾಳ ತಟ್ಟಿ ನೋಡುತ್ತಿದ್ದ. "ಸಿಂಬಲ್ ಕೆಳಗೆ ಇಳಿಸಿಕೊಂಡರೆ ಆಗ್ತದೆ ಮಾರಾಯ" ಅಂದ.

ಈಗ ವ್ಯವಹಾರದ ಮಾತು. ಬೂಷ್ಟು ತೆಗೆದದ್ದು, ಹರಿದದ್ದು ಸೇರಿಸಿದ್ದು, ಶೆಲ್ ಬದಲಿಸಿದ್ದು, ಎರಡೂ ಕಡೆ ಪೆನ್‌ಡ್ರೈವಿಗೆ ಹಾಕಿದ್ದು, ವೇಗ ಸರಿ ಮಾಡಿದ್ದು ಎಲ್ಲ ಸೇರಿ 850 ರೂಪಾಯಿ ತೆಗೆದುಕೊಂಡರು. ಇದು ಕಡಿಮೆ ಆಯಿತು ಅಂತ ನಾವೇ ಹೇಳಿದೆವು, ಒಪ್ಪಲಿಲ್ಲ. ಎರಡು ರೀತಿಯ ಫೈಲು ಕೊಡುತ್ತಾರೆ. ಒಂದು ಸುಮಾರು ಒಂದು ಜಿಬಿಯ ದೊಡ್ಡದು, ಇಟ್ಟುಕೊಳ್ಳಲು. ಇನ್ನೊಂದು ಎಂಪಿ3, ವಾಟ್ಸಾಪಿನಲ್ಲಿ ಕಳಿಸಲು. ದೊಡ್ಡ ಫೈಲಿನಲ್ಲಿ ಅವರು ಏನನ್ನೂ ತಿದ್ದಿರುವುದಿಲ್ಲ, ಟೇಪಿನಲ್ಲಿ ಇದ್ದದ್ದು ಇದ್ದ ಹಾಗೆ ಇರುತ್ತದೆ. ಇದನ್ನು ಎಲ್ಲರೂ ಕೊಡುವುದಿಲ್ಲ, ಕೇಳಿ ತೆಗೆದುಕೊಳ್ಳಿ.

ಕೊರತೆ ಇಲ್ಲ ಅಂತಲ್ಲ. ಸಮಯಕ್ಕೆ ಕೊಡುತ್ತಾರೆ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ, ನಮಗೆ ಒಂದು ವಾರ ಅಂದಿದ್ದರು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತದೆ. ಮೆಟ್ಟಿಲು ಕಡಿದಾಗಿದೆ, ಮಂಡಿನೋವು ಇರುವವರಿಗೆ ಕಷ್ಟ. ಪಾತ್ರೆ ಅಂಗಡಿಯಲ್ಲಿ ಹೇಳಿದರೆ ಅವರೇ ಕೆಳಗೆ ಬರುತ್ತಾರೆ. ಗಾಂಧಿ ಬಜಾರಿನಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ, ದೂರ ನಿಲ್ಲಿಸಿ ನಡೆದು ಹೋಗಿ. ವೀಡಿಯೋ ಕ್ಯಾಸೆಟ್ ಮಾಡುವುದಿಲ್ಲ.

ಕ್ಯಾಸೆಟ್ ತೆಗೆದುಕೊಂಡು ಹೋಗುವವರು ದಯವಿಟ್ಟು ಮನೆಯಲ್ಲಿ ಹಾಕಿ ನೋಡಬೇಡಿ, ಒರೆಸಬೇಡಿ, ಪೆನ್ಸಿಲ್ ಹಾಕಿ ಸುತ್ತಬೇಡಿ. ಯಾವ ಯಂತ್ರದಲ್ಲಿ ರೆಕಾರ್ಡ್ ಮಾಡಿದ್ದು, ಸೆಲ್ಲಿನಲ್ಲೋ ಕರೆಂಟಿನಲ್ಲೋ, ಜೊತೆಗೆ ಯಾವ ವಾದ್ಯ ಇತ್ತು, ಇಷ್ಟು ನೆನಪಿದ್ದರೆ ಬರೆದುಕೊಂಡು ಹೋಗಿ. ಹಾರ್ಮೋನಿಯಂ ಇದ್ದರೂ ಸಾಕಂತೆ, ಶ್ರುತಿ ಹಿಡಿಯಲು ಆಗುತ್ತದೆ.

ಪೆನ್‌ಡ್ರೈವಿನ ಒಂದು ಕಾಪಿಯನ್ನೂ ಆ ಹಳೇ ಶೆಲ್ಲನ್ನೂ ಬೇಸಿನವನ ಮಗಳಿಗೆ ಕೊಟ್ಟು ಬಂದೆವು. ಅವಳು ಮೈಸೂರಿನಲ್ಲಿ ಓದುತ್ತಿದ್ದಾಳೆ, ರಜಕ್ಕೆ ಬಂದಿದ್ದಳು. ಅಪ್ಪನ ದನಿ ಬರುವುದು ಎಷ್ಟನೇ ನಿಮಿಷಕ್ಕೆ ಅಂತ ಬರೆದುಕೊಡಲು ಹೋದೆ. "ಬೇಡ ಅಂಕಲ್, ಮೊದಲಿಂದಲೇ ಕೇಳ್ತೀನಿ" ಅಂದಳು.